ಅರಗಿನ ಮೇಲಿನ ಹೆಬ್ಬೆರಳು

ಅಪ್ಪನ ಹೆಬ್ಬೆರಳು ಬೀಳದೆ ಆ ಕಾರ್ಖಾನೆಯಿಂದ ಒಂದು ಸ್ಪೀಕರೂ ಹೊರಗೆ ಹೋಗುವಂತಿರಲಿಲ್ಲ. ಪೆಟ್ಟಿಗೆಗೆ ಮರ ಕೊಯ್ದು, ಉಜ್ಜಿ, ಒಳಗಿನ ತಂತಿ ಬೆಸೆಯುವುದೆಲ್ಲ ಮಗಳು. ಕೊನೆಗೆ ಅಪ್ಪ ಕುರ್ಚಿ ಎಳೆದು ಕೂತು, ಕಣ್ಣುಮುಚ್ಚಿ ಕೇಳಿ, "ಮಂಕು, ಮಂಕು" ಎಂದು ಗೊಣಗಿ, ತಾನೇ ಒಂದು ರೆಸಿಸ್ಟರ್ ಬದಲಿಸಿ ತಾರಸ್ವರವನ್ನು ಏರಿಸುತ್ತಿದ್ದ. ಆಮೇಲೆ ಹಿಂಬದಿಯ ಸ್ಕ್ರೂ ಮೇಲೆ ಬಿಸಿ ಅರಗು, ಅರಗಿನ ಮೇಲೆ ನೀರಿನಲ್ಲಿ ಅದ್ದಿದ ಹೆಬ್ಬೆರಳು. ಅದೇ ಮನೆತನದ ಮುದ್ರೆ.

ಮಂಕಾಗಿದ್ದದ್ದು ಸ್ಪೀಕರ್ ಅಲ್ಲ, ಎಪ್ಪತ್ತು ದಾಟಿದ ಕಿವಿ. ಮಗಳು ಒಮ್ಮೆ ಹೇಳಿ ನೋಡಿದಳು.

"ನನ್ ಕಿವಿಗೇ ಬುದ್ಧಿ ಹೇಳೋಕೆ ಬಂದ್ಯಾ?" ಎಂದು ಅಪ್ಪ ಮೂರು ದಿನ ಮಾತು ಬಿಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಅಂದಿನಿಂದ ಆರು ವರ್ಷ, ಅವನು ಊಟಕ್ಕೆ ಎದ್ದೊಡನೆ ಅವಳು ಅರಗು ಕೆರೆದು, ಮೊದಲಿನ ರೆಸಿಸ್ಟರನ್ನೇ ಹಾಕಿ, ತನ್ನ ಹೆಬ್ಬೆರಳು ಒತ್ತಿ ಕಳಿಸುತ್ತ ಬಂದಳು. ಯಾರಾದರೂ ಹೊಗಳಿದರೆ ಅಪ್ಪ ತನ್ನ ಕಿವಿ ಮುಟ್ಟಿ ತೋರಿಸುತ್ತಿದ್ದ. ಅದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವಾರ ಬಾಗಿಲ ಮೇಲಿನ ಬೋರ್ಡಿಗೆ ಹೊಸ ಬಣ್ಣ. ಅಪ್ಪನ ಹೆಸರಿನ ಕೆಳಗೆ 'ಮತ್ತು ಮಗಳು' ಎಂದು ಬರೆಸು ಎಂದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

"ತಂತಿ ಬೆಸೆಯೋರ್ನೆಲ್ಲ ಬೋರ್ಡಿಗೆ ಹಾಕ್ತಾ ಹೋದ್ರೆ ಗೋಡೆ ಸಾಲಲ್ಲ," ಎಂದ ಅಪ್ಪ, ಪೇಂಟರ್ ಎದುರಿಗೇ. ಆ ಪೇಂಟರ್ ಹಲ್ಲು ಬೇರೆ ಕಿರಿದ.

ಅಂದು ಅಪ್ಪ ಊಟಕ್ಕೆ ಎದ್ದಾಗ ಅವಳು ಅರಗು ಮುಟ್ಟಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲಿ ಎಂದು ಕೈಕಟ್ಟಿ ಕೂತಳು.

ಮರುದಿನ ದುಬಾರಿ ಆಡಿಯೋ ಅಂಗಡಿಯ ಮಾಲೀಕ ಬಂದ. ಹಿಂದೆ ಇಲ್ಲಿಂದಲೇ ಕೊಂಡಿದ್ದ ಅವನ ಮನೆಯ ಸ್ಪೀಕರ್ ಜೋಡಿ ಪಾಲಿಶ್‌ಗೆಂದು ಬಂದು ಮೂಲೆಯಲ್ಲಿ ನಿಂತಿತ್ತು. ಅಂಥವೇ ಇನ್ನೂ ಹತ್ತು ಜೋಡಿ ಅವನಿಗೆ ಬೇಕಿತ್ತು. ಅಪ್ಪ ಠೀವಿಯಿಂದ ಹೊಸ ಜೋಡಿಯಲ್ಲಿ ಹಾಡು ಹಾಕಿದ. ಮಾಲೀಕ ಎರಡು ಸಾಲು ತಡೆದುಕೊಂಡ, ಅಷ್ಟೇ.

"ಯಜಮಾನ್ರೇ, ಕಿವಿ ಕೊಯ್ಯತ್ತಲ್ರೀ! ನಮ್ಮನೇದು ಬೆಣ್ಣೆ ಥರ ಇದೆ."

ಅಪ್ಪ ಮಗಳ ಕಡೆ ತಿರುಗಿದ. "ಏನ್ ಕಿತಾಪತಿ ಮಾಡಿದ್ಯೇ? ಅರಗು ಬಿಚ್ಚಿದ್ಯಾ?"

"ನೀನೇ ನೋಡ್ಕೋ ಅಪ್ಪ."

ಅಪ್ಪ ಹೊಸ ಜೋಡಿಯ ಹಿಂದೆ ಬಗ್ಗಿ ಅರಗಿನ ಗುಳಿಯೊಳಗೆ ಹೆಬ್ಬೆರಳಿಟ್ಟ. ಹಳೆಯ ಉಳಿಗಾಯದ ಗೆರೆ ಸಮೇತ ಸರಿಯಾಗಿ ಕೂತಿತು. ಅವನದೇ. ಬಗ್ಗಿದ್ದವನಿಗೆ ಏನು ಹೊಳೆಯಿತೋ, ಮೂಲೆಯ ಜೋಡಿಯ ಹಿಂದೆ ಹೋದ. ಅಲ್ಲಿ ಬೆರಳು ಹಿಡಿಸಲಿಲ್ಲ. ಗುಳಿ ಚಿಕ್ಕದು. ಇನ್ನೊಂದಕ್ಕೆ ಇಟ್ಟ. ಅದೂ ಚಿಕ್ಕದು.

"ಎಷ್ಟು ದಿನದಿಂದ?"

"ಆರು ವರ್ಷ."

"ಕಳ್ಳಿ," ಎಂದ. "ಹಾಗಾದ್ರೆ ಜನ ಹೊಗಳಿದ್ರಲ್ಲ, ಅದ್ರಲ್ಲಿ ಒಂದ್ ಜೋಡೀನೂ ನಂದಲ್ವಾ?"

ಅಯ್ಯೋ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ.

"ಇದೊಂದಿದ್ಯಲ್ಲ," ಎಂದು ಅವಳು ಹೊಸ ಜೋಡಿಯನ್ನು ತೋರಿಸಿದಳು. ಮಾಲೀಕ ಆಗಲೇ ಅದರ ತಂತಿ ಕಿತ್ತಿಟ್ಟಿದ್ದ.