ಹರಿಪ್ರಿಯಾಳ ಮದುವೆಗೆ ಸರದಿ

ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಹರಿಪ್ರಿಯಾ ಹಳೆಯ ಸಿನಿಮಾ ಡಿವಿಡಿಗಳ ಪೆಟ್ಟಿಗೆಯೊಂದನ್ನು ಮೈಲಾಪೂರಿನ ಲೈಬ್ರರಿಗೆ ಕೊಟ್ಟುಬಿಟ್ಟಳು. ಅದರಲ್ಲಿ ತನ್ನ ಮದುವೆಯ ಡಿವಿಡಿಯೂ ಸೇರಿಹೋಗಿದೆ ಎಂದು ತಿಳಿದದ್ದು, ತರಕಾರಿ ಅಂಗಡಿಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕೈ ಹಿಡಿದುಕೊಂಡು, "ಧಾರೆ ಹೊತ್ತಿನಲ್ಲಿ ಯಾಕಮ್ಮಾ ಅಷ್ಟೊಂದು ಅಳುತ್ತಿದ್ದೆ?" ಎಂದು ತಮಿಳಿನಲ್ಲಿ ವಿಚಾರಿಸಿದಾಗ.

ಹರಿಪ್ರಿಯಾ ತರಕಾರಿ ಚೀಲದ ಸಮೇತ ಲೈಬ್ರರಿಗೆ ಓಡಿದಳು. ಸಿನಿಮಾ ವಿಭಾಗದಲ್ಲಿದ್ದ ನಮಿತಾ ಉಡುಪಿ ಕಡೆಯ ಹೋಟೆಲಿನವರ ಮಗಳು. ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡಳು.

"ವಾಪಸ್ ಕೊಡ್ಲಿಕ್ಕೆ ಆಗುದಿಲ್ಲ ಮೇಡಂ. ಕೌಟುಂಬಿಕ ಚಿತ್ರ ಅಂತ ನಂಬರ್ ಹಾಕಿ ಆಯ್ತು. ನೀವು ಮೆಂಬರಾಗಿ ಬುಕ್ ಮಾಡಿ. ಆದ್ರೆ ನಿಮ್ಮ ಮುಂದೆ ತುಂಬ ಜನ ಉಂಟು."

"ಅದು ನನ್ನ ಮದುವೆ ಕಣಮ್ಮಾ!"

"ಹೌದಾ? ಅದಕ್ಕೇ ನೋಡಿದ ಹಾಗೆ ಇತ್ತು. ಸ್ವಲ್ಪ ದಪ್ಪ ಆಗಿದ್ದೀರಿ."

ಹಿಂದೆ ನಿಂತಿದ್ದ ಮುದುಕರೊಬ್ಬರು ಬಾಯಿ ಹಾಕಿದರು. "ಫಸ್ಟ್ ಹಾಫ್ ಚೆನ್ನಾಗಿದೆ. ಆರತಕ್ಷತೆ ಎಳೆದುಬಿಟ್ಟಿದ್ದಾರೆ. ಆದರೆ ಊಟದ ಪಂಕ್ತಿಯಿಂದ ಸಿಟ್ಟು ಮಾಡಿಕೊಂಡು ಏಳ್ತಾರಲ್ಲ, ಆ ಮಾವ! ಏನು ನಟನೆ!"

ಪಂಕ್ತಿಯಿಂದ ಎದ್ದವನು ಹರಿಪ್ರಿಯಾಳ ಸೋದರಮಾವ ತಿರುಮಲ. ತನಗೊಬ್ಬನಿಗೆ ಪಾಯಸ ಬಡಿಸಲಿಲ್ಲವೆಂದು ಅಂದು ಎದ್ದುಹೋದವನು ಮತ್ತೆ ಅವಳ ಹೊಸ್ತಿಲು ತುಳಿದಿರಲಿಲ್ಲ. ಬೇರೆ ದಾರಿ ಕಾಣದೆ ಹರಿಪ್ರಿಯಾ ಮೆಂಬರಾಗಿ, ತನ್ನ ಮದುವೆ ನೋಡಲು ಸರದಿಯಲ್ಲಿ ಹೆಸರು ಬರೆಸಿ ಬಂದಳು.

ಆ ವಾರವೇ ತಾಂಬರಂನಿಂದ ಮಾವನ ಫೋನ್ ಬಂತು.

"ಏನೇ ಹರಿ, ನಾನು ಸಿನಿಮಾದಲ್ಲಿ ಇದೀನಂತೆ! ರೈಲಿನಲ್ಲಿ ಒಬ್ಬ ಎದ್ದು ಸೀಟ್ ಕೊಟ್ಟ ಕಣೇ. ಕೊನೆಗಾದ್ರೂ ಪಾಯಸ ತಿಂದ್ರಾ ಸಾರ್ ಅಂತ ಕೇಳ್ದ."

"ಡಿವಿಡಿ ನಮ್ಮ ಕೈಗೆ ಬಂದ ತಕ್ಷಣ ಹೇಳ್ತೀನಿ. ಬಾ ಮಾವ, ಒಟ್ಟಿಗೆ ನೋಡೋಣ," ಎಂದಳು. ಅವನು ಬರುತ್ತೇನೆಂದು ಒಪ್ಪಿದ್ದು ಅವಳಿಗೇ ಆಶ್ಚರ್ಯ.

ಸರದಿ ಬಂತು, ಮಾವನೂ ಇಸ್ತ್ರಿ ಮಾಡಿದ ಜರಿಪಂಚೆಯುಟ್ಟು ಬಂದ. ಹರಿಪ್ರಿಯಾಳ ಗಂಡ ಸತ್ಯಾತ್ಮ ಡಿವಿಡಿ ಹಾಕಿದ. ಊಟದ ಪಂಕ್ತಿ ಬಂದಾಗ ಮೂವರೂ ಮುಂದಕ್ಕೆ ಬಾಗಿದರು. ತೆರೆಯ ಮೇಲೆ ತಿರುಮಲ ಕ್ಯಾಮೆರಾ ಕಡೆ ತಿರುಗಿ ಮೀಸೆ ನೀವಿಕೊಳ್ಳುತ್ತಿದ್ದ. ಅಷ್ಟರಲ್ಲಿ ಒಂದು ಕೈ ಬಂದು ಅವನ ಎಲೆಗೆ ಪಾಯಸ ಬಡಿಸಿತು. ಅವನು ಎಲೆ ನೋಡದೆಯೇ, ತನಗೆ ಪಾಯಸ ಎಲ್ಲಿ ಎಂದು ಕಿರುಚಿ, ಎದ್ದು ನಡೆದೇಬಿಟ್ಟ.

ಸತ್ಯಾತ್ಮ ರಿಮೋಟ್ ಒತ್ತಿ ನಿಲ್ಲಿಸಿದ.

"ಇನ್ನೊಂದ್ಸಲ ಹಾಕಪ್ಪಾ," ಎಂದ ಮಾವ. ಸತ್ಯಾತ್ಮ ಹಾಕಿದ. ಪಾಯಸ ಮತ್ತೆ ಎಲೆಗೆ ಬಿತ್ತು.

"ಎಡಿಟಿಂಗ್‌ನಲ್ಲಿ ಸೇರಿಸಿದಾರೆ," ಎಂದು ತೀರ್ಪು ಕೊಟ್ಟ ತಿರುಮಲ.

ಹರಿಪ್ರಿಯಾ ನಗು ತಡೆಯಲು ಅಡುಗೆಮನೆಗೆ ಓಡಿದಳು. ಬರುವಾಗ ಶಾವಿಗೆ ಪಾಯಸ ತಂದಳು. ಮಾವ ಈ ಸಲ ಬಟ್ಟಲಿನಿಂದ ಕಣ್ಣು ಕೀಳದೆ ಉಂಡ.

ಡಿವಿಡಿಯನ್ನು ಬೀರುವಿನಲ್ಲಿ ಬಚ್ಚಿಡಬೇಕೆಂದಿದ್ದಳು ಅವಳು. ಮಾವ ಕೇಳಲಿಲ್ಲ. "ಪಾಪ, ಜನ ಕಾಯ್ತಿದಾರೆ," ಎಂದು ತಾನೇ ಅವಳನ್ನು ಲೈಬ್ರರಿಗೆ ಹೊರಡಿಸಿಕೊಂಡು ಹೋದ. ಅಲ್ಲಿ ನಾಲ್ಕು ಜನ ಅವನೊಡನೆ ಫೋಟೊ ತೆಗೆಸಿಕೊಂಡರು.

ಅಷ್ಟರಲ್ಲಿ ಬೇರೆಯವರೂ ತಮ್ಮ ತಮ್ಮ ಮನೆಯ ಡಿವಿಡಿಗಳನ್ನು ತಂದುಕೊಟ್ಟಿದ್ದರು. ಸೌಕಾರ್‌ಪೇಟೆಯ ಒಂದು ಗೃಹಪ್ರವೇಶ, ಯಾರದೋ ಷಷ್ಟ್ಯಬ್ದಿ. ಹರಿಪ್ರಿಯಾ ಕಪಾಟಿನಿಂದ ಒಂದು ನಾಮಕರಣವನ್ನು ಎತ್ತಿಕೊಂಡು, "ಇದು ಹೇಗಿದೆ?" ಎಂದು ಕೇಳಿದಳು.

"ಒಳ್ಳೆದುಂಟು ಮೇಡಂ. ಆದ್ರೆ ಹೆಸರು ಕರೆಯುವ ಮೊದಲೇ ಡಿಸ್ಕ್ ಮುಗಿತದೆ," ಎಂದಳು ನಮಿತಾ.

ಹೆಸರನ್ನು ತಾನೇ ಊಹಿಸಿಕೊಂಡರಾಯಿತೆಂದು ಹರಿಪ್ರಿಯಾ ಅದನ್ನೇ ಬರೆಸಿಕೊಂಡಳು.