ಜಾಲಿಯೊಳಗಿನ ಡೇಸಿ

ಮುಂಬಯಿ ಬಳಿಯ ಠಾಕುರ್ಲಿಯ ಶ್ರೀಕೃಪಾ ಹೌಸಿಂಗ್ ಸೊಸೈಟಿಯಲ್ಲಿ ತಾನೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಕಳ್ಳರು ಎಂಬುದು ಜಯಲತಾಳ ಖಚಿತ ಅಭಿಪ್ರಾಯ. ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ನೀರಿನ ಪಂಪ್ ಕೆಟ್ಟ ದಿನ ಎಲ್ಲರೂ ಕೆಳಗೆ ಸೇರಿದ್ದಾಗ ಮುಖದ ಮೇಲೇ ಹೇಳಿದ್ದಳು.

ಕಳುವಾಗುತ್ತಿದ್ದದ್ದು ಡೇಸಿ. ನೆಲಮಹಡಿಯ ಅವಳ ಕಿಟಕಿಯ ಕೆಳಗೆ, ಗೋಡೆಗೂ ಗಟಾರಕ್ಕೂ ನಡುವೆ, ಒಂದು ಕಾರು ನಿಲ್ಲಿಸುವಷ್ಟು ಮಣ್ಣಿತ್ತು. ಚಳಿಗಾಲ ಬಂತೆಂದರೆ ಅಲ್ಲಿ ಹಳದಿ ಬೊಟ್ಟಿನ ಬಿಳಿ ಹೂಗಳು ತುಂಬಿಬಿಡುತ್ತಿದ್ದವು. ಹೂ ಮುಗಿದ ಮೇಲೆ ಕಡ್ಡಿಗಳನ್ನು ಬುಡದವರೆಗೆ ಕತ್ತರಿಸಿದರೆ ಗಿಡ ಸತ್ತೇ ಹೋಯಿತು ಅನ್ನಿಸಬೇಕು. ಮಳೆ ಬಿದ್ದದ್ದೇ ಬೇರಿನಿಂದ ಮರಿ ಬಿಟ್ಟುಕೊಂಡು ಮತ್ತೆ ಎದ್ದು ಕೂರುತ್ತಿತ್ತು. ವರ್ಷ ವರ್ಷ ಬೀಜ ಬಿತ್ತುವ ರಗಳೆಯಿಲ್ಲ.

ಈ ಗಿಡದ ಮೂಲವನ್ನು ಕೇಳಬಾರದು. ಮಹಾಬಳೇಶ್ವರಕ್ಕೆ ಹೋದಾಗ, ಹೋಟೆಲಿನ ಮಾಲಿ ಬೀಡಿ ಹಚ್ಚಲು ತಿರುಗಿದ ಗಳಿಗೆಯಲ್ಲಿ ಜಯಲತಾ ಒಂದು ಮರಿ ಕಿತ್ತು, ಆ ಹೋಟೆಲಿನದೇ ಪ್ಲಾಸ್ಟಿಕ್ ಸ್ನಾನದ ಟೋಪಿಯಲ್ಲಿ ಕಟ್ಟಿ ತಂದಿದ್ದಳು. ಅದು ಕಳವಲ್ಲ, ಶಾಸ್ತ್ರ. ಬೇಡಿ ತಂದ ಹೂಗಿಡ ಬೇರು ಹಿಡಿದು ಹತ್ತುವುದಿಲ್ಲ, ಕಣ್ಣು ತಪ್ಪಿಸಿ ತಂದದ್ದೇ ಹತ್ತುವುದು ಎಂದು ಉಡುಪಿಯ ಅವಳ ಅಜ್ಜಿ ನಂಬಿದ್ದರು, ಅಮ್ಮ ನಂಬಿದ್ದರು, ಅವಳೂ ನಂಬಿದ್ದಳು.

ತೊಂದರೆಯೆಂದರೆ ಇಡೀ ಸೊಸೈಟಿ ಅದನ್ನೇ ನಂಬಿತ್ತು. ಉಡುಪಿಯವರಿರಲಿ, ವಿಜಯಪುರದವರಿರಲಿ, ಸಾತಾರದವರಿರಲಿ, ಈ ವಿಷಯದಲ್ಲಿ ಮಾತ್ರ ಭೇದವಿರಲಿಲ್ಲ. ಮಳೆಗಾಲ ಬಂತೆಂದರೆ ಡೇಸಿಯ ಬುಡದಲ್ಲಿ ಯಾರೋ ಕೈಯಾಡಿಸಿದ ಗುರುತು. ಚಳಿಗಾಲ ಬಂತೆಂದರೆ ಮೇಲಿನ ಮಹಡಿಗಳ ಗ್ರಿಲ್ಲಿನಲ್ಲಿ ಅದೇ ಹೂ. ಕೇಳಿದರೆ ಒಬ್ಬರು ಪುಣೆಯ ನರ್ಸರಿ ಅನ್ನುವರು, ಇನ್ನೊಬ್ಬರು ನಾದಿನಿ ಕೊಟ್ಟದ್ದು ಅನ್ನುವರು. ಎರಡನೇ ಮಹಡಿಯ ವನಮಾಲಾ, ವಿಜಯಪುರದ ಕಡೆಯವಳು, ಅಷ್ಟೂ ಕಷ್ಟಪಡಲಿಲ್ಲ. "ತಾನಾ ಹುಟ್ಟೈತ್ರಿ. ಗುಬ್ಬಿ ತಂದು ಹಾಕಿರಬೇಕು," ಎಂದಳು.

ಜಯಲತಾ ವೆಲ್ಡರನ್ನು ಕರೆಸಿ ಮಣ್ಣಿನ ಸುತ್ತ ಕಬ್ಬಿಣದ ಜಾಲಿ ಹಾಕಿಸಿ ಬೀಗ ಜಡಿದಳು. ಕೀಲಿಕೈ ಕರಿಮಣಿಯ ಜೊತೆ ಕುತ್ತಿಗೆಗೆ ಬಂತು. ಬೇಲಾಪುರದ ಆಫೀಸೊಂದರಲ್ಲಿ ಫೈಲು ನೋಡುವ ಗಂಡ ಕುಶಲ, "ನಮ್ಮಲ್ಲಾದ್ರೆ ಇಷ್ಟಕ್ಕೆ ನಾಲ್ಕು ಸಹಿ ಬೇಕು," ಎಂದು ಗೊಣಗಿದ.

ಆ ಮಳೆಗಾಲ ಒಂದು ಎಲೆಯೂ ಕದಲಲಿಲ್ಲ. ಜಯಲತಾ ಗೆದ್ದಳು. ಆದರೆ ಮುಂದಿನ ವರ್ಷ ಹೂ ಸಣ್ಣದಾಯಿತು, ಅದರ ಮುಂದಿನ ವರ್ಷ ಗಿಡದ ನಡುನೆತ್ತಿ ಬೋಳಾಯಿತು. ಅವಳು ಚಹಾದ ಚರಟ ಹಾಕಿದಳು, ಮೀನು ತೊಳೆದ ನೀರು ಹಾಕಿದಳು. ಬೋಳು ಅಗಲವಾಗುತ್ತಲೇ ಹೋಯಿತು. ಮೇಲಿನ ಕಳ್ಳರ ಕಿಟಕಿಗಳಲ್ಲಿ ಮಾತ್ರ ಅದೇ ಡೇಸಿ ಮೈತುಂಬ ನಗುತ್ತಿತ್ತು, ಅವಳ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಸೊಸೈಟಿಯ ಚೇರ್ಮನ್ ಧರ್ಮಪಾಲ ಹೊಸ ಕಾರು ತೆಗೆದುಕೊಂಡ. ಅವನೂ ಉಡುಪಿ ಕಡೆಯವನೇ, ಕಾರ್ಕಳದವನು. ಜೂನ್ ತಿಂಗಳ ಮೀಟಿಂಗಿನಲ್ಲಿ ಬಹಳ ನ್ಯಾಯವಂತನ ದನಿಯಲ್ಲಿ ಹೇಳಿದ: "ಗಾರ್ಡನ್ ಉಂಟಾದ್ರೆ ಗಾರ್ಡನ್ ಇರ್ಲಿ. ಇದು ಬರೀ ಒಣಗಿದ ಕಸ. ಜನವರಿ ಇಪ್ಪತ್ತಾರಕ್ಕೆ ಝಂಡಾ ಹಾರಿಸುವಾಗ ಹೂ ಇಲ್ಲದಿದ್ರೆ ಟೈಲ್ಸ್ ಹಾಕಿ ಪಾರ್ಕಿಂಗ್ ಮಾಡುವ. ಎಲ್ಲರಿಗೂ ಓಕೆಯಾ?"

ಕಳ್ಳರು ಅನ್ನಿಸಿಕೊಂಡವರೆಲ್ಲ ಓಕೆ ಅಂದರು.

ಜಯಲತಾ ಮನೆಗೆ ಬಂದು ಕಿಟಕಿಯ ಬಳಿ ನಿಂತಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಕಾಲಿಗೆ ತಾಗಿದ ಮಣ್ಣು ಅದೊಂದೇ. ಅದೂ ಹೋದರೆ ಇನ್ನು ಕಿಟಕಿ ತೆಗೆದರೆ ಧರ್ಮಪಾಲನ ಕಾರಿನ ಬೆನ್ನು. ಅವಳಿಗೆ ನಿಜವಾಗಿಯೂ ಅಳು ಬಂತು.

ಅತ್ತು ಮುಗಿಸಿ ಜಾಲಿ ತೆರೆದು ಬುಡಕ್ಕೆ ಕೈಹಾಕಿದಳು. ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಉಸಿರುಕಟ್ಟಿ ಕೊಳೆತಿದ್ದವು. ಅಂಚಿನಲ್ಲಿ ಉಳಿದಿದ್ದ ಮರಿಗಳೂ ಮುಟ್ಟಿದ್ದೇ ಕೈಗೆ ಬಂದವು. ಹೊಸ ಮರಿ ಬೇಕು, ಈಗಲೇ ಬೇಕು. ಕೇಳೋಣವೆಂದರೆ ಕಳ್ಳರೆಂದು ಬೈದ ಬಾಯಿ. ಕೇಳಿ ತಂದರೂ ಅದು ಹತ್ತಬೇಕಲ್ಲ?

ಮಧ್ಯಾಹ್ನ ಕಟ್ಟಡವೆಲ್ಲ ಉಂಡು ಮಲಗಿದ್ದಾಗ ಜಯಲತಾ ತರಕಾರಿ ಚೀಲದಲ್ಲಿ ಚೂರಿ ಇಟ್ಟುಕೊಂಡು ಎರಡನೇ ಮಹಡಿ ಹತ್ತಿದಳು. ಮಳೆಗೆಂದು ಗ್ರಿಲ್ಲಿನಿಂದ ಇಳಿಸಿದ ವನಮಾಲಾಳ ಕುಂಡಗಳು ಬಾಗಿಲ ಹೊರಗೇ ಇದ್ದವು. ಕೂತು ಅಂಚಿನ ಒಂದು ಮರಿಗೆ ಚೂರಿ ತಾಗಿಸಿದ್ದಷ್ಟೇ, ಬಾಗಿಲು ತೆರೆಯಿತು. ಕಸದ ಡಬ್ಬಿ ಹಿಡಿದು ವನಮಾಲಾ ನಿಂತಿದ್ದಳು.

ಜಯಲತಾಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವನಮಾಲಾ ಡಬ್ಬಿ ಕೆಳಗಿಟ್ಟಳು. ನಿಧಾನಕ್ಕೆ ತಿರುಗಿ ಗೋಡೆಗೆ ಮುಖಮಾಡಿ ನಿಂತಳು. "ನಾ ಏನೂ ನೋಡಿಲ್ರಿ ಅಕ್ಕಾರ. ನಾ ನೋಡಿದ್ರ ಅದು ಹತ್ತೂದಿಲ್ಲ."

ಮತ್ತೆ ಗೋಡೆಗೇ ಹೇಳಿದಳು. "ಅಂಚಿಂದು ಬ್ಯಾಡ್ರಿ, ಕಿತ್ತದ್ದು ಕಾಣ್ತೈತಿ. ನಡಬರಕ ಒತ್ತಾಗಿ ಇರ್ತೈತಲ್ಲ, ಅಲ್ಲಿಂದ ತಗೋರಿ. ನಿಮ್ಮ ಗಿಡದಾಗೂ ನಾವೆಲ್ಲಾ ಅಲ್ಲಿಂದನ ತಗೋತಿದ್ವಿ. ಮ್ಯಾಲ ಒಂದೀಟು ಹೊಸ ಮಣ್ಣು ಹಾಕಿ ಬರ್ತಿದ್ವಿ, ನಿಮಗ ಗೊತ್ತಾಗಬಾರದಂತ."

ಜಯಲತಾಳ ಚೂರಿ ಅಲ್ಲೇ ನಿಂತಿತು. ವರ್ಷ ವರ್ಷ ಈ ಕಳ್ಳರು ನಡುಬುಡ ಬಿಡಿಸಿ, ಮಣ್ಣು ಹಾಕಿ, ಗಿಡಕ್ಕೆ ಉಸಿರಾಡಲು ಜಾಗ ಮಾಡಿಕೊಟ್ಟಿದ್ದರು. ಡೇಸಿಯನ್ನು ಸಾಕಿದವರು ಅವರು. ಬೀಗ ಹಾಕಿ ಕೊಂದವಳು ತಾನು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಆದರೆ ತಾನು ಅಲ್ಲಿ ಇಲ್ಲವೆಂದು ಒಪ್ಪಂದವಾಗಿತ್ತಲ್ಲ, ಸುಮ್ಮನೆ ನಡುವಿನಿಂದ ಒಂದು ಹಿಡಿ ಕಿತ್ತುಕೊಂಡಳು.

ಆ ವಾರ ಮೂರನೇ ಮಹಡಿಯಲ್ಲೂ ಯಾರೂ ಏನೂ ನೋಡಲಿಲ್ಲ. ನಾಲ್ಕನೆಯದರಲ್ಲಿ ಒಬ್ಬರು ಕುಂಡವನ್ನು ಮೆಟ್ಟಿಲಿನವರೆಗೆ ತಂದಿಟ್ಟು ಬಾಗಿಲು ಹಾಕಿಕೊಂಡರು. ಜನವರಿ ಇಪ್ಪತ್ತಾರಕ್ಕೆ ಮಣ್ಣು ಕಾಣದಷ್ಟು ಹೂವಿತ್ತು. ಧರ್ಮಪಾಲ ಝಂಡಾ ಹಾರಿಸಿ, ಹೂಗಳನ್ನು ನೋಡಿ, ಕಾರನ್ನು ರಸ್ತೆಯಲ್ಲೇ ನಿಲ್ಲಿಸಿದ. ಜಾಲಿಯನ್ನು ಗುಜರಿಯವನು ಒಯ್ದ.

ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ಜಯಲತಾ ಕಿಟಕಿ ತೆಗೆದಳು. ಕೆಳಗೆ ಛತ್ರಿಯ ಮರೆಯಲ್ಲಿ ಚೇರ್ಮನ್ ಧರ್ಮಪಾಲ ಕುಕ್ಕರುಗಾಲಲ್ಲಿ ಕೂತು, ಡೇಸಿಯ ನಡುಬುಡಕ್ಕೆ ಕೈಹಾಕಿದ್ದ. ಅವಳು ತಟ್ಟನೆ ಗೋಡೆಯ ಕಡೆ ತಿರುಗಿ ನಿಂತಳು.

"ಗೋಡೆಯಲ್ಲಿ ಎಂತ ನೋಡ್ತಿ?" ಎಂದ ಚಹಾ ಕುಡಿಯುತ್ತಿದ್ದ ಕುಶಲ.

"ಎಂತದೂ ನೋಡ್ತಿಲ್ಲ ಮಾರಾಯ್ರೆ," ಎಂದಳು ಜಯಲತಾ. "ಪಾಪ, ಅವರದ್ದೂ ಹತ್ತಲಿ."