ಇಪ್ಪತ್ತನಾಲ್ಕು ಬಾಲು

ನನ್ನ ತಮ್ಮ ನಂದನ್‌ನ ಬೆನ್ನುಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದು ಮೇ ತಿಂಗಳಲ್ಲಿ. ಆಗಸ್ಟ್ ಕೊನೆಯ ಭಾನುವಾರ ಅವನನ್ನು ಮತ್ತೆ ಬೌಲಿಂಗಿಗೆ ಇಳಿಸುವುದೆಂದು ನನ್ನ ಗಂಡ ವಿಠ್ಠಲ ಊಟದ ಮೇಜಿನಲ್ಲಿ ಹೇಳಿದರು. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ಧಾಟಿಯಲ್ಲೇ ಹೇಳಿದರು. 

ವಿಠ್ಠಲ ಕೆನ್ಯಾದ ರಾಜಧಾನಿಯ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್, ಅಲ್ಲಿನ ಕ್ರಿಕೆಟ್ ತಂಡಕ್ಕೆ ಕ್ಯಾಪ್ಟನ್. ಹಿಂದಿನ ವರ್ಷವಷ್ಟೇ ಕೆನ್ಯಾ ವಿಶ್ವಕಪ್ಪಿನಲ್ಲಿ ಸೆಮಿಫೈನಲ್ ಆಡಿತ್ತು. ಅಂದಿನಿಂದ ಕಾರ್ಖಾನೆಗಳ ಲೀಗಿಗೂ ಜ್ವರ ಏರಿತ್ತು. ನಂದನ್ ಮೈಸೂರಿನಿಂದ ಬಂದು ಪ್ಯಾಕಿಂಗ್ ವಿಭಾಗ ಸೇರಿದವನು. ಅವನಿಗೆ ಆ ಕೆಲಸ ಸಿಕ್ಕಿದ್ದು ಪ್ಯಾಕಿಂಗ್ ಬರುತ್ತದೆಂದಲ್ಲ, ವೇಗದ ಬೌಲಿಂಗ್ ಬರುತ್ತದೆಂದು. ಇದು ಗೇಟು ಕಾಯುವ ಆಸ್ಕರಿಗೂ ಗೊತ್ತಿತ್ತು. ಈಗ ಉಳಿದಿದ್ದು ಕೊನೆಯ ಪಂದ್ಯ. ಗೆದ್ದರೆ ಕಪ್ಪು ನಮ್ಮದು.

ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಫಿಸಿಯೋಥೆರಪಿ ಮಾಡುವ ಮಂಗಳೂರಿನ ವಿನಿಫ್ರೆಡ್ ಇನ್ನೂ ಆರು ವಾರ ಬೇಕು ಎಂದಿದ್ದಳು. ವಿಠ್ಠಲ ಅವಳೆದುರು ಕೂತು, ಮಾರುಕಟ್ಟೆಯಲ್ಲಿ ಟೊಮೆಟೊಗೆ ಚೌಕಾಸಿ ಮಾಡಿದ ಹಾಗೆ ಮಾಡಿ, ಕೊನೆಗೆ ನಾಲ್ಕು ಓವರಿಗೆ ಒಪ್ಪಿಸಿದರು.

"ಓವರ್ ಲೆಕ್ಕ ಬೇಡ, ಬಾಲಿನ ಲೆಕ್ಕ ಇಡಿ," ಎಂದಳು ವಿನಿಫ್ರೆಡ್. "ಒಟ್ಟು ಇಪ್ಪತ್ನಾಲ್ಕು. ವೈಡ್, ನೋಬಾಲ್ ಎಲ್ಲ ಸೇರಿಸಿ. ಅದು ವೈಡ್ ಅಂತ ಬೆನ್ನಿಗೆ ಗೊತ್ತಾಗ್ತದಾ ಮಾರಾಯ್ರೇ?"

ಹೊರಡುವಾಗ ನನ್ನ ಕೈ ಹಿಡಿದು ಬೇರೆಯಾಗಿ ಹೇಳಿದಳು: "ಇನ್ನೊಮ್ಮೆ ಬಿರುಕು ಬಿಟ್ರೆ ಸ್ಕ್ರೂ ಹಾಕ್ಬೇಕಾಗ್ತದೆ ಜಯಮಾಲಾ. ಬೌಲಿಂಗ್ ಬಿಡಿ, ಬಗ್ಗಿ ಶೂ ಲೇಸ್ ಕಟ್ಲಿಕ್ಕೂ ಕಷ್ಟ. ನೀವೇ ಎಣಿಸಿ."

ನಾನೇ ಎಣಿಸಬೇಕಿತ್ತು. ಏಕೆಂದರೆ ತಂಡದ ಸ್ಕೋರರ್ ನಾನು. ಗಂಡಸರು ಇಡೀ ದಿನ ಬಿಸಿಲಿನಲ್ಲಿ ಓಡಲು ತಯಾರು, ಕೂತು ಬರೆಯಲು ಮಾತ್ರ ಯಾರಿಗೂ ತಾಳ್ಮೆಯಿಲ್ಲ. ಕಾರಿನಲ್ಲಿ ಒಪ್ಪಂದ ಮಾಡಿಕೊಂಡೆವು: ಇಪ್ಪತ್ತನಾಲ್ಕನೆಯ ಬಾಲು ಮುಗಿದ ಕೂಡಲೇ ನಾನು ಕೆಂಪು ಛತ್ರಿ ಬಿಚ್ಚಬೇಕು, ವಿಠ್ಠಲ ನಂದನ್‌ನನ್ನು ಹೊರಗೆ ಕಳಿಸಬೇಕು. "ಪ್ರಾಮಿಸ್," ಎಂದರು ವಿಠ್ಠಲ, ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಮಟಾಟು ವ್ಯಾನನ್ನು ನೋಡುತ್ತ.

ಭಾನುವಾರ ಮೋಡ ಕವಿದು ಚಳಿಯಿತ್ತು. ಎದುರು ತಂಡದ ಸ್ಕೋರರ್ ಬಂದಿರಲಿಲ್ಲ, ಹಾಗಾಗಿ ಮೇಜಿನಲ್ಲಿ ನಾನೊಬ್ಬಳೇ. ಅಂಪೈರ್ ಲಾರೆನ್ಸ್, ನಗರದ ನಡುವಿನ ಬ್ಯಾಂಕೊಂದರ ಅಧಿಕಾರಿ, ಅವರಿಗೆ ನಿಯಮವೆಂದರೆ ಪ್ರಾಣ. ವೈಡ್ ಇರಲಿ, ಬೌಂಡರಿ ಇರಲಿ, ಅಂಪೈರ್ ಸನ್ನೆ ಮಾಡಿದರೆ ಸ್ಕೋರರ್ ಕೈ ಎತ್ತಿ ನೋಡಿದೆನೆಂದು ತೋರಿಸಬೇಕು. ಕೈ ಏಳುವವರೆಗೆ ಮುಂದಿನ ಬಾಲು ಹಾಕಿಸುವಂತಿಲ್ಲ. ಬೇರೆ ಅಂಪೈರುಗಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಈ ಪುಣ್ಯಾತ್ಮ ಮಾತ್ರ ನಾನು ಚಪಾತಿ ತಿನ್ನುತ್ತಿದ್ದರೂ ಬಿಡುವವನಲ್ಲ, ತೋಳು ಚಾಚಿಕೊಂಡು ನಿಂತೇ ಇರುತ್ತಾನೆ.

ನಾವು ಮೊದಲು ಬ್ಯಾಟ್ ಮಾಡಿ ನೂರ ಎಪ್ಪತ್ತು ಹೊಡೆದೆವು. ನಂದನ್ ಹೊಸ ಬಾಲು ಹಿಡಿದು ಓಡಿ ಬಂದಾಗ ನನ್ನ ಬೆನ್ನೇ ಸೆಟೆದುಕೊಂಡಿತು. ಪ್ರತಿ ಬಾಲಿಗೂ ಅವನ ಎಡಗಾಲು ನೆಲಕ್ಕೆ ಅಪ್ಪಳಿಸುವುದನ್ನೇ ನೋಡುತ್ತಿದ್ದೆ. ವಿಕೆಟ್ ಬಿತ್ತೋ ಇಲ್ಲವೋ ಯಾರಿಗೆ ಬೇಕು? ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬೇರೆ ಗೀಟು ಎಳೆಯುತ್ತ ಹೋದೆ. ಮೂರು ತಿಂಗಳು ಆಡದ ಕೈ, ಹಿಡಿತ ತಪ್ಪಿತ್ತು. ಮೂರು ಓವರಿನಲ್ಲಿ ಮೂರು ವೈಡ್, ಒಂದು ನೋಬಾಲ್. ಒಟ್ಟು ಇಪ್ಪತ್ತೆರಡು. ವಿಠ್ಠಲ ಅವನನ್ನು ನಿಲ್ಲಿಸಿ ಬೌಂಡರಿಗೆ ಕಳಿಸಿದರು. ನಾನು ಫ್ಲಾಸ್ಕಿನಿಂದ ಚಹಾ ಸುರಿದುಕೊಂಡೆ.  ಬದುಕಿದೆ ಅನ್ನಿಸಿತು.

ಆಟ ಕೊನೆಯ ಓವರಿಗೆ ಬಂತು. ಅವರಿಗೆ ಬೇಕಾದದ್ದು ಎಂಟು ರನ್, ಉಳಿದಿದ್ದು ಎರಡು ವಿಕೆಟ್. ವಿಠ್ಠಲ ಸುತ್ತ ನೋಡಿ ನಂದನ್‌ಗೆ ಬಾಲು ಎಸೆದರು.

ನಾನು ಎದ್ದು ಬೌಂಡರಿಯ ಹಗ್ಗದ ತನಕ ಹೋದೆ. "ರೀ, ಇನ್ನು ಎರಡೇ ಬಾಲು!"

"ನಾಲ್ಕು ಓವರ್ ಅಂದಿದ್ಳಲ್ಲ? ಇನ್ನೂ ಒಂದಿದೆ. ಹೋಗಿ ಕೂತ್ಕೋ ಜಯಾ, ಪ್ಲೀಸ್."

ನೋಡಿ, ಮನೆಯಲ್ಲಿ ಮಾತ್ರೆಯ ತೂಕದಲ್ಲಿ ಒಂದು ಮಿಲಿಗ್ರಾಂ ಹೆಚ್ಚುಕಮ್ಮಿಯಾದರೆ ಇಡೀ ಬ್ಯಾಚ್ ಎಸೆಯಬೇಕೆಂದು ಭಾಷಣ ಬಿಗಿಯುವ ಮನುಷ್ಯ ಇವರೇ.  ಬಂದು ಕೂತೆ, ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡೆ.

ಮೊದಲ ಬಾಲು ಬ್ಯಾಟಿಗೆ ಸಿಗಲಿಲ್ಲ. ಇಪ್ಪತ್ತಮೂರು. ಎರಡನೆಯದು ಸೀದಾ ಹೋಗಿ ನಡುವಿನ ಸ್ಟಂಪನ್ನು ಕಿತ್ತು ಹಾಕಿತು. ನಮ್ಮವರೆಲ್ಲ ಕುಣಿದರು. ಸುಳ್ಳು ಹೇಳುವುದಿಲ್ಲ, ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಕೂಗಿದೆ. ತೊಡೆಯ ಮೇಲಿದ್ದ ಛತ್ರಿ ಉರುಳಿ ಮೇಜಿನ ಕೆಳಗೆ ಹೋಗಿದ್ದೂ ತಿಳಿಯಲಿಲ್ಲ. ಇಪ್ಪತ್ತನಾಲ್ಕು ಮುಗಿದಿತ್ತು.

ಕೊನೆಯ ಬ್ಯಾಟ್ಸ್‌ಮನ್ ಬಂದ. ಯಾರೋ ಎಸೆದ ಬಾಲು ನಂದನ್‌ನ ಕಾಲ ಬಳಿ ಬಿತ್ತು. ಅವನು ಬಗ್ಗಲಿಲ್ಲ. ಅದನ್ನೇ ನೋಡುತ್ತ ನಿಂತ. ಪಕ್ಕದ ಫೀಲ್ಡರ್ ಬಂದು ಎತ್ತಿ ಅವನ ಕೈಗಿಟ್ಟ.

ಛತ್ರಿಯ ನೆನಪಾದದ್ದು ನನಗೆ ಆಗಲೇ. ಛತ್ರಿ ಹುಡುಕಿ ಬಿಚ್ಚುವಷ್ಟರಲ್ಲಿ ಅವನು ಓಟದ ಗುರುತು ತಲುಪಿದ್ದ. ವಿಠ್ಠಲ ಛತ್ರಿಯನ್ನು ನೋಡಿದರು. ಖಂಡಿತ ನೋಡಿದರು. ಆಮೇಲೆ ಕೀಪರ್ ಕಡೆಗೆ ಮುಖ ತಿರುಗಿಸಿದರು. ನಂದನ್ ಓಡಿ ಬಂದ. ಬಾಲು ಎತ್ತಲೋ ಹೋಯಿತು. ವೈಡ್.

ಲಾರೆನ್ಸ್ ಎರಡೂ ತೋಳು ಚಾಚಿ ನನ್ನ ಕಡೆ ತಿರುಗಿದರು.

ನಾನು ಕೈ ಎತ್ತಲಿಲ್ಲ.

ಅವರು ಮತ್ತೆ ತೋಳು ಚಾಚಿದರು. ನಾನು ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತೆ. ನಂದನ್ ಓಡಲು ಹೊರಟಾಗ ಲಾರೆನ್ಸ್ ಅಡ್ಡ ಕೈ ಹಿಡಿದು ನಿಲ್ಲಿಸಿದರು. ಎದುರು ತಂಡದವರು ಏನೇನೋ ಕೂಗತೊಡಗಿದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆದರೂ ಏಳಲಿಲ್ಲ.

ಕೊನೆಗೆ ಲಾರೆನ್ಸ್, ವಿಠ್ಠಲ, ನಂದನ್ ಮೂವರೂ ಮೇಜಿನ ಬಳಿ ಬಂದರು.

"ಮೇಡಂ, ಸಿಗ್ನಲ್ ಕಾಣ್ಲಿಲ್ವಾ?" ಎಂದರು ಲಾರೆನ್ಸ್.

"ಕಾಣ್ತು. ಇವನು ಹೊರಗೆ ಬರಲಿ, ಎತ್ತುತ್ತೀನಿ."

"ಜಯಾ, ತಮಾಷೆ ಮಾಡ್ಬೇಡ," ಎಂದರು ವಿಠ್ಠಲ. ಹಣೆಯ ನರ ಉಬ್ಬಿತ್ತು. "ಇನ್ನು ಒಂದು ವಿಕೆಟ್. ಒಂದೇ!"

"ಅಕ್ಕಾ, ಎಲ್ಲರೆದುರು ಮಾನ ಕಳೀಬೇಡ," ಎಂದ ನಂದನ್. "ನಾನು ಫೈನ್ ಆಗಿದೀನಿ. ನೋವೇ ಇಲ್ಲ."

ಚಿಕ್ಕವನಿದ್ದಾಗ ಮಾವಿನ ಮರದಿಂದ ಬಿದ್ದು ಮೊಣಕೈ ಮುರಿದುಕೊಂಡಾಗಲೂ ಅವನು ಹೇಳಿದ್ದು ಇದೇ ಮಾತು, ಇದೇ ಮುಖ. ನಾನು ಪೆನ್ಸಿಲನ್ನು ಅವನ ಕಾಲ ಬಳಿ ಹುಲ್ಲಿಗೆ ಹಾಕಿದೆ.

"ಎತ್ತಿ ಕೊಡು. ಆಮೇಲೆ ಬೌಲ್ ಮಾಡು. ನಾನು ತುಟಿ ಬಿಚ್ಚಲ್ಲ."

ನಂದನ್ ಪೆನ್ಸಿಲ್ ನೋಡಿದ. ಬಲಗೈಯನ್ನು ಮೊಣಕಾಲಿನವರೆಗೆ ತಂದ. ಅಲ್ಲಿಗೆ ನಿಂತ. ಇನ್ನೊಮ್ಮೆ ಪ್ರಯತ್ನಿಸಿದ. ತುಟಿ ಬೆಳ್ಳಗಾಯಿತು, ಕಣ್ಣಲ್ಲಿ ನೀರು ತುಂಬಿತು. 

ವಿಠ್ಠಲ ಬಗ್ಗಿ ಪೆನ್ಸಿಲ್ ಎತ್ತಿದರು. ಪ್ಯಾಂಟಿಗೆ ಒರೆಸಿ ನನ್ನ ಕೈಗಿಟ್ಟರು. ನನ್ನ ಮುಖ ನೋಡಲಿಲ್ಲ. "ಕೂತ್ಕೋ ನಂದನ್," ಎಂದಷ್ಟೇ ಹೇಳಿ ಅವನ ಕೈಯಿಂದ ಬಾಲು ತೆಗೆದುಕೊಂಡು ಹೋದರು. ಓವರಿನ ಉಳಿದ ಬಾಲುಗಳನ್ನು ತಾವೇ ಹಾಕುವುದಾಗಿ ಲಾರೆನ್ಸ್‌ಗೆ ಹೇಳಿದರು.

ನಾನು ಕೈ ಎತ್ತಿದೆ. ಲಾರೆನ್ಸ್ ತಲೆಯಾಡಿಸಿದರು.

ಎರಡು ಬಾಲಿಗೆ ಎರಡು ಬೌಂಡರಿ. ಕಪ್ಪು ಅವರದಾಯಿತು. ಮರಳುವಾಗ ಕಾರಿನಲ್ಲಿ ನಂದನ್ ಹಿಂದಿನ ಸೀಟಿನಲ್ಲಿ ಮಲಗಿದ್ದ, ತಲೆ ನನ್ನ ತೊಡೆಯ ಮೇಲೆ. ರಸ್ತೆಯ ಪ್ರತಿ ಗುಂಡಿಗೂ ವಿಠ್ಠಲ ಕಾರನ್ನು ನಿಲ್ಲಿಸುವಷ್ಟು ನಿಧಾನ ಮಾಡುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಿನಿಫ್ರೆಡ್ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದಳು, ಎಷ್ಟು ಬಾಲು ಎಂದು. ಸ್ಕ್ಯಾನ್ ನಾಳೆ ಬೆಳಗ್ಗೆ.

"ಅಲ್ಲೇ ನಿಂತಿದ್ರೆ ಏನೂ ಆಗ್ತಿರ್ಲಿಲ್ವೇನೋ ಅಲ್ವಾ ಅಕ್ಕಾ?" ಎಂದ ನಂದನ್, ಕಣ್ಣು ಮುಚ್ಚಿಕೊಂಡೇ. "ಇಪ್ಪತ್ನಾಲ್ಕರಲ್ಲೇ?"

ಕನ್ನಡಿಯಲ್ಲಿ ವಿಠ್ಠಲ ನನ್ನನ್ನು ನೋಡಿದರು. ತಪ್ಪು ತಮ್ಮದೆಂದು ಹೇಳಲು ಬಾಯಿ ತೆರೆದರು. ನಾನು ಬೇಡವೆಂದು ತಲೆಯಾಡಿಸಿದೆ. ಇಪ್ಪತ್ತನಾಲ್ಕನೆಯ ಬಾಲು ಮುಗಿದಾಗ ಛತ್ರಿ ಎಲ್ಲಿತ್ತು, ನನ್ನ ಎರಡು ಕೈಗಳು ಏನು ಮಾಡುತ್ತಿದ್ದವು ಎಂಬುದು ಅವರಿಗೆ ಗೊತ್ತಿರಲಿಲ್ಲ.